ಬಾತುಮರಿ ಸೇತುವೆಯ ಮೇಲೆ ನಿಂತುಹೋದ ಪ್ರಕರಣ

2004ನೇ ಇಸವಿಯಲ್ಲಿ ನಾನು ಬೆಂಗಳೂರಿನ ಸುದ್ದಗುಂಟೆಪಾಳ್ಯದಲ್ಲಿದ್ದ ಒಂದು ಸಣ್ಣ ವಿಡಿಯೊ ಗೇಮ್ ಕಂಪನಿಯಲ್ಲಿ ಪರೀಕ್ಷಾ ವಿಭಾಗದ ಮುಖ್ಯಸ್ಥನಾಗಿ, ಅಂದರೆ ಟೆಸ್ಟ್ ಲೀಡ್ ಆಗಿ ಕಾರ್ಯನಿರ್ವಹಿಸುತ್ತಿದ್ದೆನು. ಆ ಅವಧಿಯಲ್ಲಿ ಜರುಗಿದ ಒಂದು ಪ್ರಕರಣವನ್ನು ಓದುಗರ ಅವಗಾಹನೆಗೆ ತರಬಯಸುತ್ತೇನೆ. ಕಚೇರಿಯ ವರದಿಗಳ ಹೊರತು ಈವರೆಗೆ ಬೇರೇನನ್ನೂ ಬರೆದವನಲ್ಲವಾದ ಕಾರಣ, ಲೋಪದೋಷಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರಿಕೆ.

ನಮ್ಮ ಕಚೇರಿಯು ಒಂದು ಮನೆಯ ಮೊದಲ ಮಹಡಿಯಲ್ಲಿತ್ತು. ಕೆಳಗೆ ಮನೆಯ ಒಡತಿ ಪಿಳ್ಳಮ್ಮನವರು ವಾಸವಾಗಿದ್ದರು. ಬಡಾವಣೆ ಬರುವುದಕ್ಕೆ ಮುಂಚೆ ಅದೇ ಜಾಗದಲ್ಲಿ ಸೊಪ್ಪು, ಹುರುಳಿಕಾಯಿ ಬೆಳೆಯುತ್ತಿದ್ದ ಕುಟುಂಬ ಅವರದು. ನನ್ನ ಕೈಕೆಳಗೆ ಐವರು ಪರೀಕ್ಷಕರಿದ್ದರು. ಅವರಲ್ಲಿ ಮೂವರು ನನ್ನಂತೆಯೇ ಗದಗ, ಬಾಗಲಕೋಟೆ ಕಡೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ ಕೊಠಡಿ ಹಿಡಿದಿದ್ದವರು. ಎಲ್ಲರಿಗೂ ಅದು ಮೊದಲ ನೌಕರಿ.

ಆಗ ನಾವು ಸಿದ್ಧಪಡಿಸುತ್ತಿದ್ದುದು ವಿದೇಶದ ಟಿವಿಯಲ್ಲಿ ಬರುತ್ತಿದ್ದ ಮಕ್ಕಳ ಕಾರ್ಟೂನೊಂದನ್ನು ಆಧರಿಸಿದ ಆಟ. ಅಂಗೈಯಲ್ಲಿ ಹಿಡಿಯಬಹುದಾದ, ಬ್ಯಾಟರಿಯಿಂದ ನಡೆಯುವ ಪುಟ್ಟ ಯಂತ್ರಕ್ಕಾಗಿ ಮಾಡಿದ್ದು. ಕೆಂಪು ಬೂಟು ಹಾಕಿಕೊಂಡ ಒಂದು ಬಾತುಮರಿ ಹಲಗೆಯಿಂದ ಹಲಗೆಗೆ ನೆಗೆಯುತ್ತ, ಹಳ್ಳ ದಾಟುತ್ತ ಬಲಕ್ಕೆ ಸಾಗಬೇಕು. ಇಂಥವುಗಳನ್ನು ಪ್ಲಾಟ್‌ಫಾರ್ಮ್ ಗೇಮ್ ಎನ್ನುತ್ತಾರೆ. ಸದರಿ ಬಾತುಮರಿಯು ಕಿರುಬೆರಳಿನ ಉಗುರಿಗಿಂತ ದೊಡ್ಡದಿರಲಿಲ್ಲ. ಹತ್ತಿರದಿಂದ ನೋಡಿದರೆ ಬರೀ ಬಣ್ಣದ ಚೌಕಗಳು. ಆದರೆ ಗುಂಡಿ ಒತ್ತುವುದನ್ನು ನಿಲ್ಲಿಸಿದರೆ ಅದು ನಿಂತು, ಬಾಲ ಅಲ್ಲಾಡಿಸಿ, ನಮ್ಮ ಕಡೆ ಕತ್ತು ತಿರುಗಿಸುತ್ತಿತ್ತು. ದಿನವೂ ನೋಡುತ್ತಿದ್ದರೂ ಆ ಕ್ಷಣದಲ್ಲಿ ನನಗೆ ರೋಮಾಂಚನವಾಗುತ್ತಿದ್ದುದನ್ನು ಇಲ್ಲಿ ದಾಖಲಿಸಬೇಕು.

ಪ್ರಾಯೋಗಿಕ ಪ್ರತಿಯನ್ನು ವಿದೇಶದ ಗ್ರಾಹಕ ಸಂಸ್ಥೆಗೆ ಕಳುಹಿಸಿದ ಮೇಲೆ ಅಲ್ಲಿನ ವ್ಯವಸ್ಥಾಪಕರಿಂದ ಒಂದು ಇ-ಮೇಲ್ ಬಂತು. ಅವರ ಆರು ವರ್ಷದ ಮಗಳು ಆಡುವಾಗ, ಮೊದಲ ಹಂತದ ತೂಗುಸೇತುವೆಯ ನಡುವೆ ಬಾತುಮರಿ ನಿಂತುಬಿಡುತ್ತದೆ. ಯಾವ ಗುಂಡಿಗೂ ಓಗೊಡುವುದಿಲ್ಲ. ಯಂತ್ರವನ್ನು ಆರಿಸದೆ ಬೇರೆ ದಾರಿಯಿಲ್ಲ. ಆಟವು ಒಮ್ಮೆ ಕಾರ್ಟ್ರಿಡ್ಜ್‌ನ, ಅಂದರೆ ಯಂತ್ರಕ್ಕೆ ಸಿಕ್ಕಿಸುವ ಪುಟ್ಟ ಡಬ್ಬಿಯ, ಚಿಪ್‌ನೊಳಗೆ ಅಚ್ಚಾದರೆ ಆ ಕಾಲದಲ್ಲಿ ತಿದ್ದುಪಡಿಗೆ ಅವಕಾಶವಿರಲಿಲ್ಲ. ಆದ್ದರಿಂದ ಸೋಮವಾರದೊಳಗೆ ಕಾರಣ ತಿಳಿಸದಿದ್ದಲ್ಲಿ ಕೆಲಸವನ್ನು ಬೇರೊಂದು ಕಂಪನಿಗೆ ವಹಿಸಲಾಗುವುದೆಂದು ಪತ್ರದ ಕೊನೆಯಲ್ಲಿತ್ತು. ಹಾಗಾದ ಪಕ್ಷದಲ್ಲಿ ನನ್ನ ಐವರನ್ನೂ ಮನೆಗೆ ಕಳುಹಿಸಬೇಕಾಗುವುದೆಂದು ನಮ್ಮ ನಿರ್ದೇಶಕರು ನನ್ನನ್ನು ಒಳಗೆ ಕರೆದು ತಿಳಿಸಿದರು.

ನಮ್ಮ ವೃತ್ತಿಯಲ್ಲಿ ದೋಷವೊಂದನ್ನು ಸರಿಪಡಿಸಬೇಕಾದರೆ ಮೊದಲು ಅದು ನಮ್ಮ ಕಣ್ಣೆದುರು ಮತ್ತೆ ಸಂಭವಿಸಬೇಕು. ಆದರೆ ಆ ಸೇತುವೆ ನಮಗೆ ಯಾರಿಗೂ ತೊಂದರೆ ಕೊಡಲಿಲ್ಲ. ಓಡಿ ದಾಟಿದೆವು, ನೆಗೆದು ದಾಟಿದೆವು, ಅರ್ಧಕ್ಕೆ ಹೋಗಿ ಹಿಂದಿರುಗಿದೆವು, ಸೋತ ಬ್ಯಾಟರಿ ಹಾಕಿ ನೋಡಿದೆವು. ಮಗು ಯಾವ ಯಾವ ಗುಂಡಿ ಒತ್ತುತ್ತದೆ ಎಂದು ಪತ್ರ ಬರೆದು ಕೇಳಿದೆನು. ನಡೆಯುವುದು, ನೆಗೆಯುವುದು ಅಷ್ಟೇ ಎಂದು ಉತ್ತರ ಬಂತು. ಪ್ರೋಗ್ರಾಂ ಬರೆದ ಪ್ರಸನ್ನ ಬನಶಂಕರಿಯ ಹುಡುಗ, ಎಂದೂ ಧೃತಿಗೆಡದವನು. ಶುಕ್ರವಾರ ಸಂಜೆ ಅವನೂ ಕೈಚೆಲ್ಲಿ, “ಗುರು, ನಾನು ಬರೆದಿದ್ದು ನನಗೇ ಅರ್ಥ ಆಗ್ತಿಲ್ಲ” ಎಂದನು.

ಶನಿವಾರ ಮಧ್ಯಾಹ್ನ ಕರೆಂಟು ಹೋಯಿತು. ಕಂಪ್ಯೂಟರುಗಳು ಆರಿದವು, ಬ್ಯಾಟರಿಯ ಯಂತ್ರಗಳನ್ನು ಹಿಡಿದು ಎಲ್ಲರೂ ಕಿಟಕಿಯ ಬಳಿ ಕುಳಿತೆವು. ಸಂಪಿನಲ್ಲಿ ನೀರು ಕಡಿಮೆಯಿದೆ, ನೋಡಿ ಬಳಸಿ ಎಂದು ಹೇಳಲು ಪಿಳ್ಳಮ್ಮನವರು ಮೇಲೆ ಬಂದರು. ನಮ್ಮನ್ನು ಸಾಲಾಗಿ ನೋಡಿದವರೇ ಸೊಂಟದ ಮೇಲೆ ಕೈಯಿಟ್ಟರು.

“ಹಗಲೆಲ್ಲ ಆಟ ಆಡ್ತೀರಲ್ಲಪ್ಪಾ, ಇದಕ್ಕೆ ಸಂಬಳ ಬೇರೆ ಕೊಡ್ತಾರಾ? ನಮ್ಮನೇಲಿ ಇದೇ ಕೆಲಸಕ್ಕೆ ಮೊಮ್ಮಕ್ಕಳಿಗೆ ಏಟು ಬೀಳ್ತದೆ.”

ಆ ವಾರದಲ್ಲಿ ನಾವು ನಕ್ಕಿದ್ದು ಅದೇ ಮೊದಲು. ನೀವೂ ಒಂದು ಕೈ ನೋಡಿ ಅಮ್ಮ, ನಮ್ಮ ಕಷ್ಟ ಗೊತ್ತಾಗುತ್ತೆ ಎಂದು ಪ್ರಸನ್ನ ಒಂದು ಯಂತ್ರವನ್ನು ಆನ್ ಮಾಡಿ ಅವರ ಕೈಗಿತ್ತನು. ಅವರು ಸೆರಗಿಗೆ ಕೈ ಒರೆಸಿಕೊಂಡು, ಕುರ್ಚಿಯಲ್ಲಿ ಕುಳಿತು, ಕನ್ನಡಕ ಏರಿಸಿ ಅದನ್ನು ಹಿಡಿದರು.

ಶೀರ್ಷಿಕೆಯ ಹಾಡು ಆರಂಭವಾಯಿತು. ಆ ಹಾಡನ್ನು ನಾವು ಯಾರೂ ಪೂರ್ತಿ ಕೇಳುತ್ತಿರಲಿಲ್ಲ. ಮೊದಲ ಸ್ವರಕ್ಕೇ ಸ್ಟಾರ್ಟ್ ಗುಂಡಿ ಒತ್ತುವುದು ರೂಢಿಯಾಗಿತ್ತು. ಪಿಳ್ಳಮ್ಮನವರು ಕೊನೆಯವರೆಗೂ ಕೇಳಿದರು. ಹಾಡು ಮುಗಿದರೂ ಯಾರೂ ಸ್ಟಾರ್ಟ್ ಒತ್ತದಿದ್ದರೆ ಆಟವು ತನ್ನಷ್ಟಕ್ಕೆ ತಾನೇ ಸ್ವಲ್ಪ ದೂರ ಆಡಿ ತೋರಿಸುತ್ತದೆ. ಇದಕ್ಕೆ ಡೆಮೊ ಎನ್ನುತ್ತಾರೆ. ನಾವೇ ಮೊದಲು ಆಡಿ, ಒತ್ತಿದ ಗುಂಡಿಗಳ ಕ್ರಮವನ್ನು ಅದರೊಳಗೆ ತುಂಬಿಟ್ಟಿರುತ್ತೇವೆ. ಬಾತುಮರಿ ತಾನಾಗಿಯೇ ಹೊರಟಿತು. ಅದು ಸುಮ್ಮನೆ ತೋರಿಸುವುದು, ಸ್ಟಾರ್ಟ್ ಒತ್ತಿ ಎಂದು ನಾನು ಹೇಳಿದೆನು.

“ಇರಪ್ಪಾ. ಈಗ ಅದರ ಆಟ ನಡೀತಾ ಇದೆ. ಚೌಕಾಬಾರದಲ್ಲಿ ಇನ್ನೊಬ್ಬರ ಸರದಿ ಇರುವಾಗ ನೀವು ಕವಡೆಗೆ ಕೈ ಹಾಕ್ತೀರಾ? ಅದರದು ಮುಗೀಲಿ, ಆಮೇಲೆ ನಂದು.”

ಡೆಮೊ ಸೇತುವೆಯವರೆಗೆ ಹೋಗಿ ಮುಗಿಯಿತು, ಮತ್ತೆ ಶೀರ್ಷಿಕೆ ಮೂಡಿತು. ಆಗ ಅವರು ಸ್ಟಾರ್ಟ್ ಒತ್ತಿದರು. ಮೊದಲ ಹಳ್ಳದಲ್ಲಿ ಬಿದ್ದರು, ಮತ್ತೆ ಬಿದ್ದರು, ಯಂತ್ರವನ್ನೇ ಬಲಕ್ಕೆ ವಾಲಿಸಿ ನೆಗೆಸಿದರು. ನಮ್ಮವರು ಪಕ್ಕದಲ್ಲಿ ನಿಂತು ಹುರಿದುಂಬಿಸಿದರು. ಅಂತೂ ಸೇತುವೆ ಹತ್ತಿದರು. ಅದರ ನಡುವೆ ಬಾತುಮರಿ ನಿಂತಿತು.

ಅವರು ಗುಂಡಿ ಒತ್ತಿದರು. ಅದು ಅಲುಗಲಿಲ್ಲ. ಬಾಲ ಅಲ್ಲಾಡಿಸಿ, ಕತ್ತು ತಿರುಗಿಸಿ, ಯಾರದೋ ದಾರಿ ಕಾಯುವಂತೆ ನೋಡಿತು. ಪಿಳ್ಳಮ್ಮನವರು ಯಂತ್ರವನ್ನು ಮೇಜಿನ ಮೇಲಿಟ್ಟು ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡರು.

“ನಾನೇನಾದ್ರೂ ಕೆಡಿಸಿಬಿಟ್ನಾ?”

ನನ್ನ ಮೈ ಜುಮ್ಮೆಂದಿತು. ಪ್ರಸನ್ನ ನೆಲದ ಮೇಲೆ ಕುಳಿತೇಬಿಟ್ಟನು. “ಅಮ್ಮ, ಇನ್ನೊಂದ್ ಸಲ ಆಡ್ತೀರಾ? ಹೀಗೇ, ಅದರ ಸರದಿ ಮೊದಲು” ಎಂದು ಬೇಡಿಕೊಂಡನು. ಇನ್ನಷ್ಟು ಕೆಟ್ಟೀತೆಂದು ಅವರು ಒಪ್ಪಲಿಲ್ಲ. ಕೆಡುವುದೇ ಬೇಕಾಗಿದೆ ಎಂದು ನಾನು ವಿವರಿಸಿದ ಮೇಲೆ, ನಮ್ಮ ಮುಖಗಳನ್ನು ಅನುಮಾನದಿಂದ ನೋಡಿ, ಮತ್ತೆ ಹಿಡಿದರು. ಮತ್ತೆ ಅಲ್ಲಿಯೇ ನಿಂತಿತು.

ಕರೆಂಟು ಬಂದ ಮೇಲೆ ಪ್ರಸನ್ನ ಪ್ರೋಗ್ರಾಂ ತೆರೆದು ಹುಡುಕಿ, ಕಾರಣ ತಿಳಿಸಿದಾಗ ನಾನು ಇನ್ನೂ ಬೆರಗಾದೆನು. ಡೆಮೊ ನಡೆಯುವಾಗ ಬಾತುಮರಿಯು ಗುಂಡಿಗಳ ಮಾತು ಕೇಳುವುದಿಲ್ಲ, ಒಳಗೆ ತುಂಬಿಟ್ಟ ಕ್ರಮವನ್ನಷ್ಟೇ ಕೇಳುತ್ತದೆ. ಡೆಮೊ ಮುಗಿದ ಮೇಲೂ, ಅದು ಮುಗಿದ ಜಾಗವಾದ ಸೇತುವೆಯ ಮಟ್ಟಿಗೆ, ಗುಂಡಿಗಳ ಮಾತು ಕೇಳಬೇಡವೆಂಬ ಆ ಆದೇಶ ರದ್ದಾಗದೆ ಉಳಿದಿತ್ತು. ಸೇತುವೆಗೆ ಬಂದೊಡನೆ ಬಾತುಮರಿಯು ಆಡುವವರ ಕೈಯನ್ನು ಮರೆತು, ಆಗಲೇ ಮುಗಿದುಹೋಗಿದ್ದ ಕ್ರಮಕ್ಕಾಗಿ ಕಾಯುತ್ತಿತ್ತು. ಪ್ರಸನ್ನ ಒಂದೇ ಒಂದು ಸಾಲು ಸೇರಿಸಿದನು. ಬಾತುಮರಿ ನಡೆದು ಆಚೆ ದಡಕ್ಕೆ ಹೋಯಿತು.

ಭಾನುವಾರ ವರದಿ ಕಳುಹಿಸಿ, ಮಗು ಆಟಕ್ಕೆ ಮೊದಲು ಏನು ಮಾಡುತ್ತದೆ ಎಂದು ಕೇಳಿದೆನು. ಸೋಮವಾರ ಅನುಮೋದನೆಯೊಂದಿಗೆ ಉತ್ತರ ಬಂತು. ತಂದೆ ವಿಚಾರಿಸಿದಾಗ ಮಗು, ಮೊದಲು ಬಾತುಮರಿ ಆಡಬೇಕು, ಆಮೇಲೆ ನಾನು, ಎಂದಿತಂತೆ. ನನ್ನ ಐವರೂ ಉಳಿದುಕೊಂಡರು. ಪತ್ರದ ಆ ಸಾಲನ್ನು ಕೆಳಗೆ ಹೋಗಿ ಪಿಳ್ಳಮ್ಮನವರಿಗೆ ಕನ್ನಡದಲ್ಲಿ ಓದಿ ಹೇಳಿದೆನು. ಅವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

“ಮತ್ತಿನ್ನೇನ್ ಮಾಡ್ಬೇಕಿತ್ತು ಆ ಮಗು?” ಎಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದರು.

ಯಾವ ಗುಂಡಿ ಒತ್ತಿದಿರಿ ಎಂದು ಕೇಳುವುದನ್ನು ಈ ವೃತ್ತಿ ನನಗೆ ಮೊದಲೇ ಕಲಿಸಿತ್ತು. ಒತ್ತದೆ ಎಷ್ಟು ಹೊತ್ತು ನೋಡುತ್ತ ಕುಳಿತಿದ್ದಿರಿ ಎಂದು ಕೇಳಬೇಕೆಂಬುದನ್ನು ಆ ಶನಿವಾರ ಕಲಿತೆನು. ಅಂದಿನಿಂದ ಯಾವ ದೂರು ಬಂದರೂ ನಾನು ಕೇಳುವ ಮೊದಲ ಪ್ರಶ್ನೆ ಅದೇ ಆಗಿದೆ.