ಇವರು ಬಳಿದ ಬಣ್ಣ

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಶೆಡ್ಡಿನಲ್ಲಿ ಅತ್ತೆಗೂ ನನಗೂ ಸಣ್ಣ ಜಟಾಪಟಿ ನಡೆಯಿತು, ಕಾರಿನ ಅಡಿಭಾಗಕ್ಕೆ ಬಳಿದ ಬಣ್ಣದ ವಿಷಯಕ್ಕೆ.

ಹೋದ ಚಳಿಗಾಲದಲ್ಲಿ ತೀರಿಕೊಂಡ ನನ್ನ ಗಂಡನಿಗೆ, ಮಾವನ ಕಾಲದ ಅಂಬಾಸಿಡರನ್ನು ಮತ್ತೆ ರಸ್ತೆಗಿಳಿಸುವ ಹುಚ್ಚಿತ್ತು. ಎಂಜಿನ್ ಹೊರುವ ಕಬ್ಬಿಣದ ಫ್ರೇಮನ್ನು ಬಿಚ್ಚಿಸಿ, ತಾವೇ ತುಕ್ಕು ಕೆರೆದು ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದಿದ್ದರು. ಅದೇ ಅವರು ಮಾಡಿದ ಕೊನೆಯ ಕೆಲಸ. ಒಂದು ಮೂಲೆಯಲ್ಲಿ ಅವರ ಹೆಬ್ಬೆರಳಿನ ಗುರುತೂ ಉಳಿದಿತ್ತು.

ಉಳಿದದ್ದನ್ನು ಮುಗಿಸಲು ಶಿರಸಿಯಿಂದ ಮೆಕ್ಯಾನಿಕ್ ಅಲ್ತಾಫನನ್ನು ಕರೆಸಿದ್ದೆ. ಅವನು ಚಾಕುವಿನ ತುದಿ ತಾಗಿಸಿದ್ದೇ ಬಣ್ಣ ಹಪ್ಪಳದಂತೆ ಎದ್ದು ಬಂತು.

"ಅಕ್ಕಾ, ಬಣ್ಣದ ಅಡಿಯಲ್ಲಿ ತುಕ್ಕು ಹಾಗೇ ಇದೆ. ಇದನ್ನೆಲ್ಲ ಕೆರೆದು ಹೊಸದಾಗಿ ಹೊಡೀಬೇಕು" ಎಂದ.

ಅತ್ತೆ ಅಡ್ಡ ನಿಂತರು. "ಕೆರೆಸಡ ಕೂಸೆ. ಯನ್ನ ಮಗ ಹಚ್ಚಿದ್ದು."

"ಹಾಂಗೇ ಬಿಟ್ರೆ ಫ್ರೇಮೇ ಉಳಿತಿಲ್ಲೆ ಅತ್ತೆ" ಎಂದೆ. ಕೊನೆಗೆ ಅವರು ಪಕ್ಕಕ್ಕೆ ಸರಿದರು.

ಅಲ್ತಾಫ್ ತಂತಿಯ ಬ್ರಶ್ಶಿನಿಂದ ತಿಕ್ಕತೊಡಗಿದ. ಬೆರಳಿನ ಗುರುತು ಪುಡಿಯಾಗಿ ಉದುರುವಾಗ ನಾನು ಮುಖ ತಿರುಗಿಸಿದೆ. ಅತ್ತೆ ನೋಡುತ್ತಲೇ ಇದ್ದರು. ಆಮೇಲೆ ಸಿಡುಕಿದರು: "ಅವಂಗೆ ತಾಳ್ಮೆನೇ ಇಲ್ಲೆ. ಯಾವ ಕೆಲಸನೂ ನೆಟ್ಟಗೆ ಮಾಡ್ತ್ನಿಲ್ಲೆ."

ಇವರು ಹೋದ ಮೇಲೆ ಮನೆಗೆ ಬಂದವರೆಲ್ಲ ಇವರನ್ನು ಹೊಗಳಿದ್ದೇ ಹೊಗಳಿದ್ದು. ಇವತ್ತು ಅತ್ತೆಯ ಹಳೇ ಬೈಗುಳ ಕೇಳಿದಾಗ ಒಂದು ಗಳಿಗೆ ಇವರು ಶೆಡ್ಡಿನಲ್ಲೇ ಇದ್ದಾರೆ ಅನ್ನಿಸಿತು. ಇದ್ದಿದ್ದರೆ ಅಮ್ಮನಿಗೆ ಏನೂ ಹೇಳದೆ ನನ್ನ ಮೇಲೆ ರೇಗುತ್ತಿದ್ದರು.