ಇಂಚಿಗೆ ಎಷ್ಟು ಚುಕ್ಕಿ

ಸೊಂಟದ ಮೂಳೆ ಮುರಿದು ಮಾವ ಹಾಸಿಗೆ ಹಿಡಿದಾಗ, ಅವರ ಹಳೆಯ ನೆಗೆಟಿವ್‌ಗಳನ್ನೆಲ್ಲ ಸ್ಕ್ಯಾನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹರೆಯದಲ್ಲಿ ಅವರು ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಬನಹಟ್ಟಿಯಿಂದ ಬೀಳಗಿವರೆಗೆ ಸುತ್ತಿದವರು. ನನ್ನ ಗಂಡ ಸ್ಕ್ಯಾನರ್ ತಂದು ಮಂಚದ ಪಕ್ಕದ ಮೇಜಿನ ಮೇಲಿಟ್ಟು, ಮಗ್ಗದ ಕೆಲಸಕ್ಕೆ ಹೋದರು.

“ಎಲ್ಲಾಕಿಂತ ದೊಡ್ಡ ನಂಬರ್ ಯಾವುದೈತಿ, ಅದನ್ನ ಇಡವಾ. ಮತ್ತ ಮತ್ತ ಮಾಡಾಕ ಆಗೂದಿಲ್ಲ,” ಅಂದರು ಮಾವ.

ಅದು ಇಂಚಿಗೆ 6400 ಚುಕ್ಕಿ; ಚುಕ್ಕಿ ಹೆಚ್ಚಿದಷ್ಟು ಚಿತ್ರ ಸೂಕ್ಷ್ಮ, ಸ್ಕ್ಯಾನರ್ ನಿಧಾನ. ಒಂದು ಫೋಟೊಗೆ ಕಾಲು ಗಂಟೆ. ಗೋಡೆಯಾಚೆ ಪವರ್‌ಲೂಮ್ ಓಡುವಾಗ ಮೇಜು ನಡುಗಿ, ಚಿತ್ರದ ಗೆರೆಗಳೆಲ್ಲ ಗರಗಸದ ಹಲ್ಲಿನಂತಾಗುತ್ತಿದ್ದವು. ಕರೆಂಟು ಹೋದರೆ ಮಗ್ಗ ನಿಲ್ಲುತ್ತಿತ್ತು, ಸ್ಕ್ಯಾನರೂ ನಿಲ್ಲುತ್ತಿತ್ತು. ಉಳಿದದ್ದು ಮಧ್ಯಾಹ್ನ ಮಗ್ಗ ನಿಲ್ಲಿಸಿ ಎಲ್ಲರೂ ಊಟಕ್ಕೆ ಕೂಡುವ ಒಂದು ಗಂಟೆ. ಅದೇ ಹೊತ್ತಿಗೆ ರಬಕವಿಯಲ್ಲಿ ನನ್ನ ಹೊಲಿಗೆ ಕ್ಲಾಸು. ಬಿಟ್ಟೆ. ಮುಲಾಮಿನ ವಾಸನೆಯ ಆ ಕೋಣೆಯಲ್ಲಿ, ಮೆಲ್ಲಗೆ ಸರಿಯುವ ಬೆಳಕಿನ ಪಟ್ಟಿ ನೋಡುತ್ತ ಕೂತರೆ ದಿನಕ್ಕೆ ನಾಲ್ಕು ಫೋಟೊ. ಎದ್ದರೆ ಸಾಕು, “ಎಲ್ಲಿ ಹೊಂಟಿ?” ಅನ್ನುವರು.

ಒಂದು ದಿನ ಬೇಸತ್ತು, ಹೇಳದೆ ಕೇಳದೆ 2400ಕ್ಕೆ ಇಳಿಸಿದೆ. ಎರಡೇ ನಿಮಿಷಕ್ಕೆ ಸ್ಕ್ಯಾನರಿನ ಸದ್ದು ನಿಂತಿತು.

“ಇಷ್ಟ್ ಲಗೂ ಆತೇನ?”

ಸುಳ್ಳು ಹೇಳಲಾಗದೆ, ನಂಬರ್ ಇಳಿಸಿದ್ದನ್ನು ಹೇಳಿದೆ. ಅದು ಚಿಕ್ಕಪಡಸಲಗಿಯಲ್ಲಿ ರೈತರು ಹೊಳೆಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟುವಾಗ ತೆಗೆದ ಫೋಟೊ. ಬುಟ್ಟಿ ಹೊತ್ತವರ ಸಾಲಿನ ಕೊನೆಗೆ, ಈಗ ತೀರಿಹೋಗಿರುವ ಅವರ ಗೆಳೆಯ ನಿಂತಿದ್ದರು. ಅದನ್ನೇ 6400ರಲ್ಲೂ ಮಾಡಿ, ಎರಡರಲ್ಲೂ ಆ ಗೆಳೆಯನ ಮುಖವನ್ನು ದೊಡ್ಡದು ಮಾಡಿ, ಲ್ಯಾಪ್‌ಟಾಪನ್ನು ಮಾವನ ಕಣ್ಣೆದುರು ಹಿಡಿದೆ.

“ಎರಡೂ ಒಂದ ಅದಾವಲ್ಲ. ಇವನ ಕಣ್ಣ ಎಲ್ಲಿ?”

“ಅವತ್ತ ಫಿಲ್ಮಿನ್ಯಾಗ ಎಷ್ಟ ಬಿದ್ದೈತಿ, ಅಷ್ಟ ರೀ ಮಾವಾರ. ನಂಬರ್ ಏರಿಸಿದ್ರ ಫಿಲ್ಮಿನ ಆ ಕಾಳಿನಂಥ ಚುಕ್ಕಿ ಅಷ್ಟ ದೊಡ್ಡವಾಗ್ತಾವ. ಕಣ್ಣ ಬರೂದಿಲ್ಲ.”

ಅವರು ಬಹಳ ಹೊತ್ತು ನೋಡಿದರು. “ಹಂಗಾದ್ರ ಸಣ್ಣದ ಸಾಕು ಬಿಡು,” ಅಂದು ಮುಖ ಗೋಡೆಗೆ ತಿರುಗಿಸಿದರು. ನನಗೆ ಕೆಟ್ಟದೂ ಅನ್ನಿಸಿತು, ಮೈ ಹಗುರವೂ ಆಯಿತು. 2400ರಲ್ಲಿ ಮಗ್ಗದ ನಡುಕ ಅಷ್ಟಾಗಿ ಕಾಣುತ್ತಿರಲಿಲ್ಲ; ಅದನ್ನೂ ಮಾವನಿಗೆ ಹೇಳಿದೆ. ಹತ್ತು ದಿನದಲ್ಲಿ ಮುಗಿಸಿ ಮತ್ತೆ ಕ್ಲಾಸಿಗೆ ಹೋಗಬಹುದು ಅಂದುಕೊಂಡೆ.

ಸಂಜೆ ಮಾವ ಮುಧೋಳದ ತಂಗಿಗೆ ಫೋನ್ ಮಾಡಿದರು. “ನಿನ್ನ ಕಡೆ ಇರೂ ನೆಗೆಟಿವೂ ಕಳಸಿಬಿಡು. ಈಗ ಲಗೂ ಆಗ್ತಾವ. ಮಗ್ಗ ನಡದ್ರೂ ನಡೀತೈತಿ, ದಿನಪೂರ್ತಿ ಕೂತು ಮಾಡ್ತಾಳಾಕಿ.”

ಮೂರನೇ ದಿನ ಬಸ್ಸಿನಲ್ಲಿ ಒಂದು ಟ್ರಂಕೇ ಬಂತು. ಅದು ಮುಗಿಯುವಷ್ಟರಲ್ಲಿ ಮಾವ ಕೋಲೂರಿ ಅಂಗಳಕ್ಕೆ ಬರುತ್ತಿದ್ದರು. ಹೊಲಿಗೆ ಕ್ಲಾಸು ಮುಚ್ಚಿಹೋಗಿತ್ತು.