ಕೆಸರಿನ ಹಲಗೆ, ಹಿಮದ ಹಲಗೆ

ಕೆನಡಾಕ್ಕೆ ಬಂದ ಮೂರನೆಯ ದಿನ ಲುಂಗಿ ಒಗೆದು, ಊರಲ್ಲಿ ಹಾಕುವಂತೆಯೇ ಹಿತ್ತಲಿನ ಕಟಕಟೆಯ ಮೇಲೆ ಹರವಿ ಒಳಗೆ ಬಂದೆ. ಚಹಾ ಕುಡಿದು ಹೋಗಿ ನೋಡಿದರೆ ಲುಂಗಿ ಹಲಗೆಯಂತೆ ಸೆಟೆದು ನಿಂತಿದೆ! ಮಡಚಿದರೆ ಮಡಚುತ್ತಿಲ್ಲ. ಅದನ್ನು ಬಾಗಿಲಲ್ಲಿ ಓರೆ ಮಾಡಿ ಒಳಗೆ ತಂದಾಗ ಹೆಂಡತಿ ಶರಣಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ರಾಯಚೂರಿನ ಬೇಸಿಗೆಯಲ್ಲಿ ಬಟ್ಟೆ ಹಿಂಡಿ ತಂತಿಗೆ ಹಾಕುವಷ್ಟರಲ್ಲಿ ಅರ್ಧ ಒಣಗಿರುತ್ತಿತ್ತು.

ಶರಣಮ್ಮ ದೇವದುರ್ಗದವಳು, ನರ್ಸು. ಇಲ್ಲಿನ ವೃದ್ಧಾಶ್ರಮವೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ನಾನೂ ಏಳು ವರ್ಷದ ಮಗಳು ಗೌರಿಯೂ ಅವಳ ಬೆನ್ನಹಿಂದೆ ಬಂದೆವು. ನಾನು ಮಾನ್ವಿ ತಾಲೂಕಿನ ಕುರ್ಡಿಯ ಬಡಿಗ. ಕೂರಿಗೆ, ಕುಂಟೆ, ಬಾಗಿಲ ಚೌಕಟ್ಟು, ಏನು ಹೇಳಿದರೂ ಮಾಡಿ ಕೊಟ್ಟವನು. ಇಲ್ಲಿ ಬಡಿಗತನಕ್ಕೂ ಪ್ರಮಾಣಪತ್ರ ಬೇಕಂತೆ. ಹಾಗಾಗಿ ರೊಟ್ಟಿ ಬಡಿಯುವುದನ್ನು ಕಲಿತುಕೊಂಡು ಮನೆಯಲ್ಲೇ ಉಳಿದೆ. ನಿಮ್ಮಪ್ಪ ಏನು ಮಾಡುತ್ತಾರೆ ಎಂದು ಶಾಲೆಯಲ್ಲಿ ಕೇಳಿದ್ದಕ್ಕೆ ಗೌರಿ, ಏನೂ ಮಾಡುವುದಿಲ್ಲ ಎಂದು ಹೇಳಿ ಬಂದಳು. ಸುಳ್ಳೇನೂ ಹೇಳಿರಲಿಲ್ಲ. ಆದರೂ ಅವತ್ತು ನನಗೆ ಊಟ ಸೇರಲಿಲ್ಲ.

ಹಿಮ ಬಿದ್ದ ಮೇಲೆ ಇಲ್ಲಿನ ಮಕ್ಕಳೆಲ್ಲ ದಿಬ್ಬದಿಂದ ಜಾರುತ್ತಾರೆ. ಅದಕ್ಕೊಂದು ಹಲಗೆ ಇದೆ, ಹೆಸರು ಟೊಬಾಗನ್. ಗಾಲಿಯಿಲ್ಲ, ಕಾಲಿಲ್ಲ, ಉದ್ದನೆಯ ತೆಳು ಹಲಗೆ, ಮುಂದಿನ ಮೂತಿ ಮಾತ್ರ ಮೇಲಕ್ಕೆ ಸುರುಳಿ. ಗೌರಿ ಅಂಗಡಿಯ ಪ್ಲಾಸ್ಟಿಕ್ಕಿನದನ್ನು ಕೇಳಿದಳು. ನಾನೇ ಮಾಡಿಕೊಡುತ್ತೇನೆ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಪಕ್ಕದ ಮನೆಯ ಮುದುಕ ಪೀಟರ್ ತನ್ನ ಗ್ಯಾರೇಜನ್ನೂ ಹತ್ಯಾರಗಳನ್ನೂ ಬಿಟ್ಟುಕೊಟ್ಟ. ಊರಲ್ಲಿ ನಾವು ಬಂಡಿಯ ಗಾಲಿಗೂ ಕಟ್ಟಿಗೆ ಬಗ್ಗಿಸುವುದಿಲ್ಲ, ಬಾಗಿದ ಆಕಾರಕ್ಕೆ ಕೆತ್ತುತ್ತೇವೆ. ಇಲ್ಲಿ ತೆಳು ಪಟ್ಟಿಗಳ ತುದಿಯನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಬಗ್ಗಿಸಿ ಬಿಗಿದು ಕಟ್ಟಬೇಕು. ಮೊದಲನೆಯದು ಅವಸರಕ್ಕೆ ಪಟ್ಟೆಂದು ಸೀಳಿತು. ಎರಡನೆಯದು ಬಗ್ಗಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರಲ್ಲ, ಇಲ್ಲಿ ಮರ ಸತ್ತು ಹಲಗೆಯಾದ ಮೇಲೂ ಬಗ್ಗಿತು! ಪಟ್ಟಿಗಳನ್ನು ಜೋಡಿಸಿ, ಅಡ್ಡಪಟ್ಟಿ ಕೂಡಿಸಿ, ಹಿಮಕ್ಕೆ ತಡೆಯಾಗದಂತೆ ಸ್ಕ್ರೂ ತಲೆಗಳನ್ನು ಕಟ್ಟಿಗೆಯೊಳಗೆ ಇಳಿಸಿ, ತಳಕ್ಕೆ ಮೇಣ ತಿಕ್ಕಿದೆ. ಕೊನೆಗೆ ಮೂತಿಗೆ ವಿಭೂತಿ ಹಚ್ಚಿದೆ. ಎಷ್ಟೋ ತಿಂಗಳ ಮೇಲೆ ಕೈಗೆ ಕಟ್ಟಿಗೆಯ ವಾಸನೆ ಬಂದಿತ್ತು, ಜೀವಕ್ಕೆ ಹಿತವೆನಿಸಿತು.

ಪೀಟರ್ ಎಲ್ಲ ಹೇಳಿದ್ದ. ತಲೆಗೆ ಹೆಲ್ಮೆಟ್ ಬೇಕು, ಕಾಲು ಮುಂದಿರಬೇಕು, ಇಳಿಜಾರಿನ ಬುಡದಲ್ಲಿ ಮರವಾಗಲಿ ರಸ್ತೆಯಾಗಲಿ ಇರಬಾರದು, ಮೇಲೆ ಹತ್ತುವಾಗ ಬದಿಯಿಂದ ಹತ್ತಬೇಕು, ಆಯ ತಪ್ಪಿದರೆ ಬಿಟ್ಟು ಉರುಳಬೇಕು. ಕೊನೆಯ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಕುರ್ಡಿಯ ಗದ್ದೆಯಲ್ಲಿ ಕೆಸರು ಸಮ ಮಾಡಲು ಎತ್ತು ಎಳೆಯುವ ಹಲಗೆಯ ಮೇಲೆ ನಿಂತು ಬೆಳೆದವನಿಗೆ ಇವನೇನು ಹೇಳುತ್ತಾನೆ! ಅಲ್ಲಿ ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಳ್ಳುತ್ತೇವೆ, ಇಲ್ಲದಿದ್ದರೆ ಎತ್ತು ಕೈ ತಪ್ಪಿ ಹೋಗುತ್ತವೆ. ದಿಬ್ಬದ ತುದಿಯಲ್ಲಿ ಗೌರಿಯನ್ನು ಕೂರಿಸಿ, ಹಲಗೆಯ ಮೂತಿಗೆ ಕಟ್ಟಿದ್ದ ಹಗ್ಗವನ್ನು ಅವಳ ಕೈಗೂ ಹಾಗೆಯೇ ಸುತ್ತಿ, ಬೆನ್ನಿಗೆ ಕೈಕೊಟ್ಟು ದೂಡಿದೆ.

ಅರ್ಧ ದಾರಿಯಲ್ಲಿ ಹಲಗೆ ವಾಲಿತು. ಗೌರಿ ಬಿದ್ದಳು, ಆದರೆ ಹಗ್ಗ ಅವಳನ್ನು ಬಿಡಲಿಲ್ಲ. ದಿಬ್ಬದ ಬುಡದವರೆಗೂ ಎಳೆದುಕೊಂಡು ಹೋಯಿತು. ನಾನು ಬಿದ್ದು ಎದ್ದು ಓಡಿದೆ. ಅವಳು ಬಾಯಿಯ ಹಿಮ ಉಗುಳಿ, ಕೆಂಪಾದ ಮುಂಗೈ ತೋರಿಸಿದಳು.

"ಯಪ್ಪಾ, ನೀನ ಸುತ್ತಿದ್ದಿ," ಎಂದಳು. ಅಷ್ಟೇ.

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮನೆಯಲ್ಲಿ ಶರಣಮ್ಮ ಅವಳ ಕೈ ಒತ್ತಿ ನೋಡಿ, ಎಲುಬಿಗೆ ಏನೂ ಆಗಿಲ್ಲ ಎಂದಳು. ಬೈಯಲಿಲ್ಲ. ಪಟ್ಟಿ ಸುತ್ತುತ್ತಾ ಹೇಳಿದಳು: "ಅಲ್ಲಿ ಎತ್ತು ಹೋದ್ರ ನಷ್ಟರೀ. ಇಲ್ಲಿ ಹಲಗಿ ಹೋದ್ರ ಹೋಗ್ಲಿ ಬಿಡ್ರಿ."

ಮರುದಿನ ಆ ಹಗ್ಗ ಬಿಚ್ಚಿ, ಎರಡೂ ಬದಿಗೆ ಬಿಗಿಯಾದ ಗಿಡ್ಡ ಹಗ್ಗ ಕಟ್ಟಿದೆ; ಬೆರಳಿಗೆ ಹಿಡಿ ಸಿಗುತ್ತದೆ, ಸುತ್ತಿಕೊಳ್ಳಲು ಆಗುವುದಿಲ್ಲ. ಆದರೆ ವಾರವಿಡೀ ಹಲಗೆ ಗೋಡೆಗೆ ಒರಗಿಯೇ ಇತ್ತು. ಗೌರಿ ಅದರ ಬದಿಯಿಂದ ಹಾದು ಹೋಗುತ್ತಿದ್ದಳು, ಮುಟ್ಟುತ್ತಿರಲಿಲ್ಲ.

ಭಾನುವಾರ ಅವಳನ್ನು ದಿಬ್ಬದ ಮೇಲೆ ನಿಲ್ಲಿಸಿ, ಹೆಲ್ಮೆಟ್ ಹಾಕಿಕೊಂಡು ನಾನೇ ಕುಳಿತೆ. ಅರ್ಧ ದಾರಿಯಲ್ಲಿ ಬೇಕೆಂದೇ ಕೈಬಿಟ್ಟು ಪಕ್ಕಕ್ಕೆ ಉರುಳಿದೆ. ಹಲಗೆ ತನ್ನ ಪಾಡಿಗೆ ಕೆಳಗೆ ಹೋಗಿ ನಿಂತಿತು. ಕುರ್ಡಿಯವರೇ, ನಗಬೇಡಿ, ಮೂರು ಸಲ ಉರುಳಿದೆ. ಮೂರನೆಯ ಸಲ ಮೇಲಿಂದ ಗೌರಿಯ ನಗು ಕೇಳಿಸಿತು. ಹಲಗೆ ಎಳೆದುಕೊಂಡು ಮೇಲೆ ಹತ್ತಿ ಮತ್ತೆ ಕುಳಿತೆ.

"ಸರೀ, ಮುಂದ ನಾ ಕುಂದರ್ತೀನಿ," ಎಂದು ಬಂದು ಕುಳಿತಳು. ಇಬ್ಬರೂ ಬುಡದವರೆಗೆ ಜಾರಿದೆವು. ಈ ದೇಶದಲ್ಲಿ ನಾನು ಅಷ್ಟು ಸುಖಪಟ್ಟ ದಿನ ಇನ್ನೊಂದಿಲ್ಲ. ಆ ವಾರ ಶಾಲೆಯಲ್ಲಿ, ನಮ್ಮಪ್ಪ ಬಡಿಗ ಎಂದು ಹೇಳಿ ಬಂದಳು.

ಮೊನ್ನೆ ಕುರ್ಡಿಯಿಂದ ಫೋನು ಬಂತು. ಎರಡನೆಯ ಬೆಳೆಗೆ ಕಾಲುವೆಯ ನೀರು ಬಂದಿದೆ. ಅತ್ತಿಗೆ ಫೋನು ಹಿಡಿದು ಗದ್ದೆ ತೋರಿಸಿದಳು. ಟ್ರ್ಯಾಕ್ಟರ್ ತಿರುಗದ ಮೂಲೆಯಲ್ಲಿ ಅಣ್ಣ ಎತ್ತು ಹೂಡಿದ್ದಾನೆ. ಹಲಗೆ ನಾನು ಮಾಡಿದ್ದೇ. ಹಗ್ಗ ಅವನ ಮುಂಗೈಗೆ ಎರಡು ಸುತ್ತು.

ಗೌರಿ ಫೋನಿಗೆ ಬಾಯಿ ಹಚ್ಚಿದಳು. "ದೊಡ್ಡಪ್ಪಾ, ಕೈಗೆ ಸುತ್ತಬ್ಯಾಡ! ಬಿದ್ರ ಬಿಟ್ಬಿಡು!"

ಅಣ್ಣ ನಕ್ಕ. "ಬಿಟ್ರ ಎತ್ತು ಮನಿ ಸೇರ್ತಾವು ಯವ್ವಾ. ನಿಮ್ಮಪ್ಪನ್ನ ಕೇಳು."

ಅವಳು ನನ್ನ ಕಡೆ ತಿರುಗಿದಳು. ಅಣ್ಣನೂ ಫೋನಿನಲ್ಲಿ ನನ್ನ ಮುಖ ನೋಡುತ್ತಾ ನಿಂತ. ನಾನು ಇಬ್ಬರಿಗೂ ಹೂಂ ಅಂದೆ.